ಹಬ್ಬದ ಅಡುಗೆಮನೆಯಲ್ಲಿ ಮಾರ್ತಳೊಡನೆ



ಆಗಮನ ಕಾಲ ಬಂತೆಂದರೆ ನಮ್ಮ ದೇವಾಲಯಗಳಲ್ಲಿ ಭಾನುವಾರಕ್ಕೊಂದರಂತೆ ಮೇಣದ ಬತ್ತಿ ಹೊತ್ತಿಕೊಳ್ಳುತ್ತದೆ. ನಾಲ್ಕನೆಯ ಬತ್ತಿ ಹಚ್ಚುವ ವೇಳೆಗೆ ನಮ್ಮ ಮನೆಗಳ ಒಲೆಗಳಿಗೂ ಬಿಡುವಿರುವುದಿಲ್ಲ. ಬಯಲುಸೀಮೆಯ ಮನೆಗಳಲ್ಲಿ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ. ಕರಾವಳಿಯ ಮನೆಗಳಲ್ಲಿ ನೆವ್ರಿ, ಕಿಡಿಯೊ ಮೊದಲಾದ ಕುಸ್ವಾರ್. ಪಟ್ಟಣದ ಮನೆಗಳಲ್ಲಿ ಕೇಕು, ಕಲ್ಕಲ್. ಇವುಗಳ ಜೊತೆಗೆ ಹಬ್ಬದ ದಿನದ ಬಿರಿಯಾನಿ, ಮಾಂಸದ ಸಾರು, ಬಂದುಹೋಗುವ ನೆಂಟರಿಷ್ಟರಿಗೆ ತಿಂಡಿ, ಕಾಫಿ.

ಡಿಸೆಂಬರ್ 24ರ ಸಂಜೆ ಎಷ್ಟೋ ಮನೆಗಳಲ್ಲಿ ಕಾಣುವ ಚಿತ್ರ ಇದು. ಹಜಾರದಲ್ಲಿ ಮಕ್ಕಳು ಗೋದಲಿಗೆ ಹುಲ್ಲು ಹೊದಿಸುತ್ತಿದ್ದಾರೆ. ಅಡುಗೆಮನೆಯಲ್ಲಿ ತಾಯಿ ಬೆಳಗಿನ ಐದು ಗಂಟೆಯಿಂದ ನಿಂತೇ ಇದ್ದಾಳೆ. ಒಂದು ಒಲೆಯ ಮೇಲೆ ಎಣ್ಣೆ ಕಾಯುತ್ತಿದೆ, ಇನ್ನೊಂದರ ಮೇಲೆ ಹಾಲು ಉಕ್ಕುತ್ತಿದೆ. "ಅಮ್ಮಾ, ನನ್ನ ಹೊಸ ಅಂಗಿ ಎಲ್ಲಿ?" ಎಂದು ಒಬ್ಬ ಕೂಗುತ್ತಾನೆ. "ಇನ್ನೂ ಆಗಲಿಲ್ಲವೇನೇ? ಪೂಜೆಗೆ ಹೊತ್ತಾಯಿತು" ಎಂದು ಇನ್ನೊಬ್ಬರ ಅವಸರ. ಕಡೆಗೆ ಯಾವುದೋ ಸಣ್ಣ ಮಾತಿಗೆ ಅವಳ ತಾಳ್ಮೆ ಕಡಿದುಹೋಗುತ್ತದೆ. ಪಾತ್ರೆ ಎಸೆದ ಸದ್ದು, ಬೈಗುಳ, ಮಗುವಿನ ಅಳು. ಆಮೇಲೆ ಎಲ್ಲರೂ ಹೊಸ ಬಟ್ಟೆ ತೊಟ್ಟು, ಒಬ್ಬರ ಮುಖ ಒಬ್ಬರು ನೋಡದೆ, ನಡುರಾತ್ರಿಯ ಬಲಿಪೂಜೆಗೆ ಹೊರಡುತ್ತಾರೆ. ಶಾಂತಿಯ ಅರಸರನ್ನು ಬರಮಾಡಿಕೊಳ್ಳಲು ಎಲ್ಲವೂ ಸಿದ್ಧವಾಗಿದೆ. ಶಾಂತಿಯೊಂದು ಮಾತ್ರ ಆ ಮನೆಯಲ್ಲಿ ಇಲ್ಲ.

ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮಕ್ಕಳು ದೊಡ್ಡವರಾದ ಮೇಲೆ ಆ ವರ್ಷದ ಚಕ್ಕುಲಿ ಗರಿಗರಿಯಾಗಿತ್ತೇ ಇಲ್ಲವೇ ಎಂಬುದನ್ನು ಮರೆಯುತ್ತಾರೆ. ಅಮ್ಮ ಅಳುತ್ತಿದ್ದಳು, ಅಪ್ಪ ಸಿಡುಕುತ್ತಿದ್ದರು ಎಂಬುದನ್ನು ಮರೆಯುವುದಿಲ್ಲ. ಹಬ್ಬ ಬಂತೆಂದರೆ ಮನೆಯಲ್ಲಿ ಜಗಳ ಬಂತು ಎಂದು ಮಗುವಿನ ಮನಸ್ಸು ಕಲಿತುಬಿಟ್ಟರೆ ಅದನ್ನು ಅಳಿಸುವುದು ಕಷ್ಟ. ಆದ್ದರಿಂದ ಹಬ್ಬದ ಅಡುಗೆಮನೆಯಲ್ಲಿ ಮನಸ್ಸು ಶಾಂತವಾಗಿರುವುದು ಹೇಗೆ ಎಂಬುದು ವಿಶ್ವಾಸದ ಪ್ರಶ್ನೆಯೂ ಹೌದು. ಈ ಪಾಠವನ್ನು ಶುಭಸಂದೇಶದ ಒಬ್ಬ ಗೃಹಿಣಿಯಿಂದಲೇ ಕಲಿಯೋಣ. ಅವಳೇ ಬೆಥಾನಿಯದ ಮಾರ್ತ.

ಮಾರ್ತಳ ಮೊದಲ ಔತಣ

ಸಂತ ಲೂಕರು ಬರೆದ ಪ್ರಸಂಗ (ಲೂಕ 10: 38-42) ನಮಗೆಲ್ಲ ಪರಿಚಿತ. ಮಾರ್ತ ಯೇಸುಸ್ವಾಮಿಯನ್ನು ತನ್ನ ಮನೆಗೆ ಬರಮಾಡಿಕೊಳ್ಳುತ್ತಾಳೆ. ತಂಗಿ ಮರಿಯ ಸ್ವಾಮಿಯ ಪಾದದ ಬಳಿ ಕುಳಿತು ಅವರ ಮಾತನ್ನು ಕೇಳುತ್ತಾಳೆ. ಮಾರ್ತ ಸತ್ಕಾರದ ಕೆಲಸಗಳಲ್ಲಿ ಮುಳುಗಿ ಕಡೆಗೆ ಅತಿಥಿಯ ಬಳಿಗೇ ಬಂದು ದೂರುತ್ತಾಳೆ. ಆಗ ಸ್ವಾಮಿ ಅವಳ ಹೆಸರನ್ನು ಎರಡು ಸಲ ಕರೆದು ಬುದ್ಧಿ ಹೇಳುತ್ತಾರೆ.

ಈ ಭಾಗವನ್ನು ಕೇಳಿದಾಗಲೆಲ್ಲ ನಮ್ಮ ತಾಯಂದಿರಿಗೆ ಒಳಗೊಳಗೇ ಒಂದು ನೋವು. "ಎಲ್ಲರೂ ಮರಿಯಳಂತೆ ಕುಳಿತುಬಿಟ್ಟರೆ ಅನ್ನಕ್ಕೆ ಇಡುವವರು ಯಾರು?" ನ್ಯಾಯವಾದ ಪ್ರಶ್ನೆ. ಆದರೆ ಗಮನಿಸಿ ನೋಡಿ. ಮನೆಯ ಬಾಗಿಲು ತೆರೆದು ಸ್ವಾಮಿಯನ್ನು ಒಳಗೆ ಕರೆದವಳೇ ಮಾರ್ತ. ಅಡುಗೆ ಮಾಡಬೇಡ ಎಂದು ಸ್ವಾಮಿ ಅವಳಿಗೆ ಹೇಳಲಿಲ್ಲ. ನೀನು ಹಲವು ವಿಷಯಗಳಿಗಾಗಿ ಚಿಂತಿಸಿ ಕಳವಳಪಡುತ್ತಿದ್ದೀಯೆ ಎಂಬುದಷ್ಟೇ ಅವರ ಮಾತಿನ ಸಾರ. ಇಲ್ಲಿ ಮಾರ್ತಳ ಸ್ಥಿತಿಯನ್ನು ಹೇಳಲು ಸಂತ ಲೂಕರು ಬಳಸಿರುವ ಗ್ರೀಕ್ ಪದಕ್ಕೆ ಸುತ್ತಲಿಂದಲೂ ಎಳೆಯಲ್ಪಡುವುದು ಎಂಬ ಅರ್ಥವಿದೆ. ಒಂದು ಕೈ ಒಲೆಯ ಕಡೆ, ಒಂದು ಕಣ್ಣು ಗಡಿಯಾರದ ಕಡೆ, ಕಿವಿ ಹಜಾರದ ಕಡೆ, ಮನಸ್ಸು ನೆರೆಮನೆಯವರು ಏನೆಂದಾರೋ ಎಂಬ ಕಡೆ. ಹಬ್ಬದ ಅಡುಗೆ ಮಾಡಿದವರಿಗೆ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವಳ ದೂರನ್ನೂ ಸ್ವಲ್ಪ ನೋಡೋಣ. ತನ್ನ ತಂಗಿ ತನ್ನೊಬ್ಬಳನ್ನೇ ದುಡಿಯಲು ಬಿಟ್ಟಿದ್ದಾಳೆ, ಸ್ವಾಮಿಗೆ ಅದರ ಚಿಂತೆಯೇ ಇಲ್ಲ, ತನಗೆ ನೆರವಾಗುವಂತೆ ಅವಳಿಗೆ ಹೇಳಬೇಕು. ಸ್ವಾಮಿ ತನ್ನ ಮನೆಗೆ ಬಂದರಲ್ಲಾ ಎಂಬ ಸಂತೋಷದ ಒಂದು ಮಾತೂ ಆ ದೂರಿನಲ್ಲಿಲ್ಲ. ಯಾರಿಗಾಗಿ ಅಡುಗೆಯೋ ಅವರೇ ಅಡುಗೆಯ ಗದ್ದಲದಲ್ಲಿ ಕಣ್ಮರೆಯಾಗಿಬಿಟ್ಟಿದ್ದಾರೆ.

ಮಾರ್ತಳ ಎರಡನೆಯ ಔತಣ

ಮಾರ್ತಳ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸಂತ ಯೊವಾನ್ನರು ಬರೆದ ಶುಭಸಂದೇಶದ ಹನ್ನೆರಡನೆಯ ಅಧ್ಯಾಯವನ್ನು ತೆರೆಯಿರಿ. ಪಾಸ್ಕ ಹಬ್ಬಕ್ಕೆ ಆರು ದಿನ ಮೊದಲು ಯೇಸುಸ್ವಾಮಿ ಮತ್ತೆ ಬೆಥಾನಿಯಕ್ಕೆ ಬರುತ್ತಾರೆ. ಅವರಿಗಾಗಿ ಔತಣ ಏರ್ಪಡುತ್ತದೆ. ಅಲ್ಲಿ ಮಾರ್ತ ಬಡಿಸುತ್ತಿದ್ದಳು ಎಂಬುದನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ.

ಅದೇ ಮಾರ್ತ, ಅದೇ ಕೆಲಸ. ಮರಿಯ ಇಂದೂ ಅಡುಗೆಮನೆಯಲ್ಲಿಲ್ಲ. ಸ್ವಾಮಿಯ ಪಾದಗಳಿಗೆ ಸುಗಂಧ ತೈಲ ಹಚ್ಚುತ್ತಿದ್ದಾಳೆ. ಆದರೆ ಮಾರ್ತಳಿಂದ ಒಂದು ದೂರೂ ಇಲ್ಲ. ಈ ಸಲ ಗೊಣಗುವವನು ಬೇರೊಬ್ಬ, ಇಸ್ಕರಿಯೋತಿನ ಯೂದ. ತೈಲದ ಬೆಲೆ ಮುನ್ನೂರು ನಾಣ್ಯ ಎಂದು ಅವನು ಲೆಕ್ಕ ಹಾಕುತ್ತಾನೆ. ಒಂದು ನಾಣ್ಯ ಅಂದಿನ ಒಂದು ದಿನದ ಕೂಲಿ. ಅಂದರೆ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ.

ಈ ಎರಡು ಔತಣಗಳ ನಡುವೆ ಏನಾಯಿತು? ಹನ್ನೊಂದನೆಯ ಅಧ್ಯಾಯ ಉತ್ತರ ಕೊಡುತ್ತದೆ. ತಮ್ಮೊಡನಿದ್ದ ಲಾಜರ ತೀರಿಕೊಂಡ. ಸಮಾಧಿಯಾಗಿ ನಾಲ್ಕು ದಿನ ಕಳೆದಿತ್ತು. ಮಾರ್ತ ಕಣ್ಣೀರಿನಲ್ಲೇ ಸ್ವಾಮಿಯನ್ನು ಎದುರುಗೊಂಡು, ನೀವೇ ಲೋಕೋದ್ಧಾರಕ, ದೇವರ ಪುತ್ರ ಎಂದು ವಿಶ್ವಾಸವನ್ನು ನಿವೇದಿಸಿದಳು. ಸ್ವಾಮಿ ಲಾಜರನನ್ನು ಹೆಸರು ಹಿಡಿದು ಕರೆದು ಎಬ್ಬಿಸಿದರು. ಈಗ ಆ ಲಾಜರ ಪಂಕ್ತಿಯಲ್ಲಿ ಕುಳಿತಿದ್ದಾನೆ. ಮಾರ್ತ ಬಡಿಸುತ್ತಿರುವುದು ಸತ್ತು ಬದುಕಿದ ಸಹೋದರನ ಎಲೆಗೆ.

ಅವಳ ಮನಸ್ಸಿನಲ್ಲಿ ಏನಿತ್ತೆಂದು ಶುಭಸಂದೇಶ ಬಿಡಿಸಿ ಹೇಳುವುದಿಲ್ಲ. ಆದರೆ ಎರಡು ಪ್ರಸಂಗಗಳನ್ನು ಪಕ್ಕದಲ್ಲಿಟ್ಟು ಓದಿದ ಯಾವ ತಾಯಿಗೂ ಅದು ತಿಳಿಯುತ್ತದೆ. ಅಂದು ಎಷ್ಟು ಬಗೆಯ ಅಡುಗೆ ಇತ್ತೆಂದು ಸಂತ ಯೊವಾನ್ನರು ಬರೆದಿಲ್ಲ. ಊಟಕ್ಕೆ ಯಾರು ಕುಳಿತಿದ್ದರೆಂದು ಬರೆದಿದ್ದಾರೆ. ನಮ್ಮ ಪಾಠದ ತಿರುಳು ಇಷ್ಟೇ: ಏನೇನು ಆಗಿಲ್ಲ ಎಂಬುದರ ಕಡೆ ನೆಟ್ಟಿದ್ದ ಕಣ್ಣು ಯಾರು ನಮ್ಮೊಡನಿದ್ದಾರೆ ಎಂಬುದರ ಕಡೆ ತಿರುಗಿದರೆ, ಕೈಯಲ್ಲಿ ಅದೇ ಸೌಟಿದ್ದರೂ ಮನಸ್ಸು ಬೇರೆಯಾಗುತ್ತದೆ. ಹಾಗೆ ತಿರುಗುವುದಕ್ಕೇ ಕೃತಜ್ಞತೆ ಎಂದು ಹೆಸರು.

2021ರಲ್ಲಿ ಧರ್ಮಸಭೆಯು ಜುಲೈ 29ರ ಸಂತ ಮಾರ್ತಳ ಸ್ಮರಣೆಯನ್ನು ಮಾರ್ತ, ಮರಿಯ, ಲಾಜರ ಮೂವರ ಸ್ಮರಣೆಯನ್ನಾಗಿ ಮಾಡಿತು. ದುಡಿಯುವವಳು, ಆಲಿಸುವವಳು, ಬದುಕಿ ಬಂದವನು, ಮೂವರೂ ಸೇರಿದರೇ ಒಂದು ಮನೆ.

ಕೃತಜ್ಞತೆ ಮನಸ್ಸನ್ನು ಹೇಗೆ ಶಾಂತಗೊಳಿಸುತ್ತದೆ?

ಸಿಟ್ಟಿನ ಬೇರು ಬಹಳ ಸಲ ಲೆಕ್ಕದಲ್ಲಿರುತ್ತದೆ. ನಾನು ಇಷ್ಟು ಮಾಡಿದೆ, ಅವರು ಇಷ್ಟೇ ಮಾಡಿದರು. ನಾದಿನಿಯ ಮನೆಯಲ್ಲಿ ಐದು ಬಗೆ, ನಮ್ಮಲ್ಲಿ ಮೂರೇ ಬಗೆ. ಈ ಲೆಕ್ಕ ಎಂದೂ ಸರಿಹೋಗುವುದಿಲ್ಲ. ಕೃತಜ್ಞತೆ ಬೇರೆ ಲೆಕ್ಕದ ಪುಸ್ತಕವನ್ನು ತೆರೆಯುತ್ತದೆ: ನನಗೆ ಏನೇನು ಕೊಡಲ್ಪಟ್ಟಿದೆ? ಒಂದೇ ಗಳಿಗೆಯಲ್ಲಿ ಎರಡೂ ಪುಸ್ತಕಗಳನ್ನು ಓದುವುದು ಮನಸ್ಸಿಗೆ ಕಷ್ಟ.

ಮನಶ್ಶಾಸ್ತ್ರವೂ ಈ ಮಾತಿಗೆ ಹತ್ತಿರ ಬಂದಿದೆ. 2003ರಲ್ಲಿ ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ ಎಂಬ ವಿದ್ವಾಂಸರು ತಮ್ಮ ಅಧ್ಯಯನಗಳನ್ನು ಪ್ರಕಟಿಸಿದರು. ಒಂದು ಅಧ್ಯಯನದಲ್ಲಿ ಕೆಲವರು ಹತ್ತು ವಾರಗಳ ಕಾಲ, ವಾರಕ್ಕೊಮ್ಮೆ, ತಾವು ಕೃತಜ್ಞರಾಗಿರುವ ಐದು ಸಂಗತಿಗಳವರೆಗೆ ಬರೆದಿಟ್ಟರು. ಇನ್ನು ಕೆಲವರು ತಮಗಾದ ಕಿರಿಕಿರಿಗಳನ್ನು ಬರೆದರು. ಕಿರಿಕಿರಿ ಬರೆದವರಿಗಿಂತ ಕೃತಜ್ಞತೆ ಬರೆದವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚಿನ ಸಮಾಧಾನ ಇರುವುದು ಕಂಡುಬಂತು.

ನಮ್ಮ ಧರ್ಮಸಭೆಗೆ ಇದು ಹೊಸದಲ್ಲ. ಲೊಯೋಲದ ಸಂತ ಇಗ್ನೇಷಿಯಸರು ಕಲಿಸಿದ ಅಂತಃಕರಣ ಪರಿಶೋಧನೆ ಪಾಪಗಳ ಪಟ್ಟಿಯಿಂದ ಆರಂಭವಾಗುವುದಿಲ್ಲ. ಪಡೆದ ವರಗಳಿಗಾಗಿ ದೇವರಿಗೆ ವಂದನೆ ಸಲ್ಲಿಸುವುದೇ ಅದರ ಮೊದಲ ಹೆಜ್ಜೆ. ಆವಿಲದ ಸಂತ ತೆರೇಸಮ್ಮನವರು (1515-1582) ಅಡುಗೆಮನೆಯ ಪಾತ್ರೆಪಡಗಗಳ ನಡುವೆಯೂ ಪ್ರಭು ಓಡಾಡುತ್ತಾರೆಂದು ತಮ್ಮ ಮಠದ ಸಹೋದರಿಯರಿಗೆ ಧೈರ್ಯ ಹೇಳಿದ್ದರು. ಅವರದೇ ಕಾರ್ಮೆಲ್ ಸಭೆಗೆ ಸೇರಿದ ಸಹೋದರ ಲಾರೆನ್ಸ್ ಎಂಬವರು 17ನೆಯ ಶತಮಾನದಲ್ಲಿ ಪ್ಯಾರಿಸಿನ ಮಠದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದರು. ಅಡುಗೆ ಕೆಲಸ ಅವರಿಗೆ ಸ್ವಭಾವತಃ ಇಷ್ಟವಿರಲಿಲ್ಲ. ಆದರೂ ಪ್ರತಿ ಕೆಲಸವನ್ನೂ ದೇವರ ಪ್ರೀತಿಗಾಗಿ ಮಾಡುತ್ತ, ಪಾತ್ರೆಗಳ ಗದ್ದಲದಲ್ಲೂ ದೇವರ ಸನ್ನಿಧಿಯಲ್ಲಿರಲು ಅವರು ಕಲಿತರು. ಅಡುಗೆ ಇಷ್ಟಪಡುವವರಿಗಷ್ಟೇ ಈ ದಾರಿ ಎಂದು ಯಾರೂ ತಿಳಿಯಬೇಕಾಗಿಲ್ಲ.

ಒಲೆಯ ಮುಂದೆ ನಾಲ್ಕು ಅಭ್ಯಾಸಗಳು

ಕೃತಜ್ಞತೆ ತಾನಾಗಿ ಬರುವುದಿಲ್ಲ. ಜಪಸರದಂತೆ ಅಭ್ಯಾಸದಿಂದ ಬರುತ್ತದೆ. ಈ ಹಬ್ಬಕ್ಕೆ ನಾಲ್ಕು ಸಣ್ಣ ಅಭ್ಯಾಸಗಳನ್ನು ಪ್ರಯತ್ನಿಸಿ ನೋಡೋಣ.

1. ಒಲೆ ಹಚ್ಚುವ ಮೊದಲು ಮೂರು ಹೆಸರು. ಶಿಲುಬೆ ಗುರುತು ಹಾಕಿಕೊಂಡು ಮೂರು ಸಂಗತಿಗಳಿಗಾಗಿ ದೇವರಿಗೆ ವಂದನೆ ಹೇಳಿ. "ಎಲ್ಲದಕ್ಕೂ ಸ್ತೋತ್ರ" ಎಂದು ಒಟ್ಟಾಗಿ ಹೇಳಿದರೆ ಮನಸ್ಸಿಗೆ ಏನೂ ಹತ್ತುವುದಿಲ್ಲ. ಹೆಸರಿಟ್ಟು ಹೇಳಿ. ಈ ಅಕ್ಕಿಗಾಗಿ, ಕೆಸರಿನಲ್ಲಿ ಬಗ್ಗಿ ನಾಟಿ ಮಾಡಿದ ಆ ಹೆಣ್ಣುಮಕ್ಕಳಿಗಾಗಿ. ಚಕ್ಕುಲಿ ಒರಳನ್ನು ಕೇಳಿದ ಕೂಡಲೇ ಕೊಟ್ಟ ಪಕ್ಕದ ಮನೆಯ ಅಕ್ಕನಿಗಾಗಿ. ಹಾಸ್ಟೆಲಿನಿಂದ ರಜೆಗೆ ಬಂದು ಇನ್ನೂ ಮಲಗಿರುವ ಮಗನಿಗಾಗಿ. ಮಲಗಿರುವವನ ಮೇಲೆ ಸಿಟ್ಟು ಬರುವ ಮೊದಲೇ ಅವನಿಗಾಗಿ ವಂದನೆ ಹೇಳಿದ್ದರೆ, ಅವನನ್ನು ಎಬ್ಬಿಸುವ ದನಿಯೇ ಬೇರೆಯಾಗಿರುತ್ತದೆ. ಎಬ್ಬಿಸಬಾರದು ಎಂದಲ್ಲ, ಎಬ್ಬಿಸಿ ಬೆಳ್ಳುಳ್ಳಿ ಬಿಡಿಸಲು ಕೊಡಿ!

2. ಕಾಯುವ ಹೊತ್ತನ್ನು ಪ್ರಾರ್ಥನೆಯಾಗಿಸುವುದು. ಅಡುಗೆಯಲ್ಲಿ ಅರ್ಧ ಕೆಲಸ ಕಾಯುವುದೇ. ಕಜ್ಜಾಯವನ್ನೇ ನೋಡಿ. ಅಕ್ಕಿ ನೆನೆಯಬೇಕು, ನೆರಳಿನಲ್ಲಿ ಆರಬೇಕು, ತೇವ ಇರುವಾಗಲೇ ಹಿಟ್ಟಾಗಬೇಕು. ಬೆಲ್ಲದ ಪಾಕ ನೀರಿಗೆ ಬಿಟ್ಟರೆ ಮೆತ್ತನೆಯ ಉಂಡೆಯಾಗುವ ಹದಕ್ಕೆ ಬರಬೇಕು. ಕಲಸಿದ ಮೇಲೆ ಒಂದು ರಾತ್ರಿಯಾದರೂ ಸುಮ್ಮನೆ ಬಿಡಬೇಕು. ಅವಸರಪಟ್ಟವರಿಗೆ ಕಜ್ಜಾಯ ಒಲಿಯುವುದಿಲ್ಲ. ಪಾಕಕ್ಕೋ ಕುಕ್ಕರಿನ ಕೂಗಿಗೋ ಕಾಯುವ ನಿಮಿಷಗಳು ಸಾಮಾನ್ಯವಾಗಿ ಚಿಂತೆಯ ನಿಮಿಷಗಳಾಗುತ್ತವೆ. ಅವನ್ನು ವಂದನೆಗೆ ಕೊಡಿ. ಬಾಳೆ ಎಲೆಯ ಮೇಲೆ ತಟ್ಟುವ ಒಂದೊಂದು ಕಜ್ಜಾಯಕ್ಕೂ ಒಬ್ಬೊಬ್ಬರ ಹೆಸರು: ಪಾಕದ ಹದ ಕಲಿಸಿಕೊಟ್ಟ ಅಜ್ಜಿ, ಮದುವೆಯಾಗಿ ಬಂದ ಹೊಸದರಲ್ಲಿ ಕೈಹಿಡಿದು ನಡೆಸಿದ ಅತ್ತೆ, ದೂರದ ಊರಿನಲ್ಲಿ ದುಡಿಯುತ್ತಿರುವ ತಮ್ಮ. ತೀರಿಕೊಂಡವರ ಹೆಸರು ಬಂದಾಗ ಅವರ ಆತ್ಮಶಾಂತಿಗಾಗಿ ಒಂದು ನಮೋ ಮರಿಯೆ.

3. ಏನಾದರೂ ಕೆಟ್ಟಾಗ ಮೊದಲು ಒಲೆ ಆರಿಸುವುದು. ಕಜ್ಜಾಯ ಎಣ್ಣೆಯಲ್ಲಿ ಒಡೆಯುತ್ತದೆ, ಅನ್ನ ತಳ ಹಿಡಿಯುತ್ತದೆ, ಕೇಕು ಉಬ್ಬುವುದಿಲ್ಲ. ಆ ಗಳಿಗೆಯಲ್ಲಿ ಉಸಿರು ಚುರುಕಾಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ನಾಲಿಗೆ ಸಡಿಲವಾಗುತ್ತದೆ. ಕಾದ ಎಣ್ಣೆಯ ಮುಂದೆ ಸಿಟ್ಟು ಅಪಾಯವೂ ಹೌದು. ಗ್ಯಾಸು ಆರಿಸಿ. ಒಂದು ಲೋಟ ನೀರು ಕುಡಿಯಿರಿ. ಎರಡು ಮೂರು ಸಲ ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ. ಆಮೇಲೆ ಉಳಿದಿರುವುದೇನು ಎಂದು ನೋಡಿ. ಹಿಟ್ಟು ಇನ್ನೂ ಇದೆ. ಒಡೆಯುವುದಕ್ಕೆ ಬಹುಮಟ್ಟಿಗೆ ಪಾಕ ಎಳೆಯದಾಗಿದ್ದದ್ದೇ ಕಾರಣ. ಇನ್ನಷ್ಟು ಅಕ್ಕಿ ಹಿಟ್ಟು ಸೇರಿಸಿ ಒಂದನ್ನು ಕರಿದು ನೋಡಬಹುದು. ಪುಡಿಯಾದದ್ದನ್ನು ಮಕ್ಕಳು ಎಲ್ಲರಿಗಿಂತ ಮೊದಲೇ ಖಾಲಿ ಮಾಡುತ್ತಾರೆ. ಐದು ರೊಟ್ಟಿ, ಎರಡು ಮೀನು ಸಾಲದು ಎಂದು ಶಿಷ್ಯರು ಲೆಕ್ಕ ಹಾಕುತ್ತಿದ್ದಾಗ ಯೇಸುಸ್ವಾಮಿ ಇದ್ದದ್ದನ್ನೇ ಕೈಯಲ್ಲಿ ಹಿಡಿದು ದೇವರಿಗೆ ವಂದನೆ ಸಲ್ಲಿಸಿದರು (ಯೊವಾನ್ನ 6: 11). ವಂದನೆ ಮೊದಲು, ಸಮೃದ್ಧಿ ಆಮೇಲೆ.

4. ಕೆಲಸವನ್ನು ದಿನಗಳಿಗೆ ಹಂಚುವುದು. ಇದೂ ಕೃತಜ್ಞತೆಯೇ. ದೇವರು ಕೊಟ್ಟ ದೇಹಕ್ಕೂ ಸಮಯಕ್ಕೂ ಗೌರವ ಕೊಟ್ಟಂತೆ. ಚಕ್ಕುಲಿ, ಕರ್ಜಿಕಾಯಿ, ಕಲ್ಕಲ್ ಚೆನ್ನಾಗಿ ಆರಿಸಿ ಡಬ್ಬಿಯಲ್ಲಿ ತುಂಬಿಟ್ಟರೆ ಕೆಡುವುದಿಲ್ಲ. ಇವನ್ನು ವಾರ ಮೊದಲೇ ಮುಗಿಸಬಹುದು. 24ರಂದು ಮಸಾಲೆ ರುಬ್ಬುವುದರ ಹೊರತು ಹೆಚ್ಚೇನೂ ಉಳಿಯದಿದ್ದರೆ, ಪಾಪನಿವೇದನೆಗೂ ಗೋದಲಿಯ ಮುಂದೆ ಕುಳಿತುಕೊಳ್ಳುವುದಕ್ಕೂ ಹೊತ್ತು ಸಿಗುತ್ತದೆ. ಐದು ಬಗೆಯಲ್ಲಿ ಎರಡನ್ನು ಬಿಟ್ಟರೂ ಹಬ್ಬ ಹಬ್ಬವೇ. ಬಾಲಯೇಸು ಹುಟ್ಟಿದ ರಾತ್ರಿ ಮಾತೆ ಮರಿಯಮ್ಮನವರ ಬಳಿ ಏನಿತ್ತು? ಒಂದು ಗೋದಲಿ, ಸುತ್ತಲು ಒಂದಿಷ್ಟು ಬಟ್ಟೆ, ಪಕ್ಕದಲ್ಲಿ ಸಂತ ಜೋಸೆಫರು.

ಮನೆಯವರ ಕೃತಜ್ಞತೆ

ಇಲ್ಲಿಯವರೆಗಿನ ಮಾತು ಒಲೆಯ ಮುಂದೆ ನಿಂತವರಿಗೆ. ಈಗ ಹಜಾರದಲ್ಲಿ ಕುಳಿತವರಿಗೆ.

ದಿವ್ಯ ಬಲಿಪೂಜೆಯನ್ನು ನೆನಪಿಸಿಕೊಳ್ಳಿ. 'ಯೂಖರಿಸ್ತ್' ಎಂಬ ಅದರ ಗ್ರೀಕ್ ಮೂಲದ ಹೆಸರಿನ ಅರ್ಥವೇ ಕೃತಜ್ಞತಾ ಸ್ತುತಿ. ಅರ್ಪಣೆಯ ಸಮಯದಲ್ಲಿ ಗುರುಗಳು ರೊಟ್ಟಿಯನ್ನು ಎತ್ತಿಹಿಡಿದು, ಇದು ಭೂಮಿ ಕೊಟ್ಟದ್ದೂ ಹೌದು, ಮನುಷ್ಯನ ಕೈ ದುಡಿದದ್ದೂ ಹೌದು ಎಂಬುದನ್ನು ನೆನೆದು ದೇವರನ್ನು ಸ್ತುತಿಸುತ್ತಾರೆ. ಪೀಠದ ಮೇಲೆಯೇ ಧರ್ಮಸಭೆ ದುಡಿದ ಕೈಯನ್ನು ಮರೆಯುವುದಿಲ್ಲ. ಹಾಗಿದ್ದ ಮೇಲೆ ನಮ್ಮ ಊಟದ ಪ್ರಾರ್ಥನೆಯಲ್ಲಿ ದೇವರಿಗೆ ಮಾತ್ರ ವಂದನೆ ಹೇಳಿ, ಬೆವರೊರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತವಳನ್ನು ಮರೆಯುವುದು ಸರಿಯೇ?

ಸಂತ ಮಾರ್ಕರು ಸಿಮೋನ ಪೇತ್ರರ ಅತ್ತೆಯ ವಿಷಯ ಬರೆದಿದ್ದಾರೆ (ಮಾರ್ಕ 1: 29-31). ಆಕೆ ಜ್ವರದಿಂದ ಮಲಗಿದ್ದರು. ಮನೆಯವರು ಕೂಡಲೇ ಆಕೆಯ ವಿಷಯವನ್ನು ಯೇಸುಸ್ವಾಮಿಗೆ ತಿಳಿಸಿದರು. ಸ್ವಾಮಿ ಬಳಿಗೆ ಹೋಗಿ ಕೈಹಿಡಿದು ಎಬ್ಬಿಸಿದರು. ಆಮೇಲೆ ಆಕೆ ಎಲ್ಲರಿಗೂ ಉಪಚಾರ ಮಾಡಿದರು. ಈ ಕ್ರಮವನ್ನು ಗಮನಿಸಿ: ಮೊದಲು ಯಾರೋ ಆಕೆಯನ್ನು ಕಂಡರು, ಯಾರೋ ಕೈಹಿಡಿದರು, ಸೇವೆ ಆಮೇಲೆ ಬಂತು. ನಮ್ಮ ಮನೆಗಳಲ್ಲಿ ಎಷ್ಟೋ ಸಲ ಊಟ ತಡವಾದಾಗ ಮಾತ್ರ ಅಡುಗೆ ಮಾಡುವವರ ನೆನಪಾಗುತ್ತದೆ!

2025ರಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸರು 2016ರ 'ಅಮೋರಿಸ್ ಲೆತೀತಿಯ' ಎಂಬ ಪತ್ರದಲ್ಲಿ, ಕುಟುಂಬಕ್ಕೆ ಮೂರು ಮಾತುಗಳು ಬೇಕೇಬೇಕು ಎಂದು ಬೋಧಿಸಿದರು: ದಯವಿಟ್ಟು, ಧನ್ಯವಾದ, ಕ್ಷಮಿಸು. ನಮ್ಮಲ್ಲಿ ಗಂಡ ಹೆಂಡತಿಗೆ, ಮಕ್ಕಳು ತಾಯಿಗೆ ಬಾಯಿಬಿಟ್ಟು ಧನ್ಯವಾದ ಹೇಳುವ ರೂಢಿ ಕಡಿಮೆ. "ಮನೆಯವರಿಗೆ ಯಾಕೆ ಅದೆಲ್ಲ?" ಎನ್ನುತ್ತೇವೆ. ಸರಿ, ಆ ಪದವೇ ಬೇಡ. "ಇವತ್ತು ಸಾರು ಅಮ್ಮ ಮಾಡುತ್ತಿದ್ದ ಹಾಗೇ ಇದೆ ಕಣೇ" ಎಂದರೆ ಸಾಕು. "ನೀನು ಸ್ವಲ್ಪ ಕೂತುಕೋ, ಉಳಿದದ್ದನ್ನು ನಾನು ಕರಿಯುತ್ತೇನೆ" ಎಂದರೆ ಇನ್ನೂ ಒಳ್ಳೆಯದು. ಬಾಯಿಯ ಕೃತಜ್ಞತೆಗಿಂತ ಕೈಯ ಕೃತಜ್ಞತೆ ಹೆಚ್ಚು ಆಳಕ್ಕೆ ಇಳಿಯುತ್ತದೆ. ತೆಂಗಿನಕಾಯಿ ತುರಿಯುವುದು, ಈರುಳ್ಳಿ ಹೆಚ್ಚುವುದು, ಊಟದ ನಂತರ ಪಾತ್ರೆ ತೊಳೆಯುವುದು, ಇವು ಗಂಡಸರ ಘನತೆಗೆ ಕುಂದಲ್ಲ. ಪುನರುತ್ಥಾನರಾದ ಸ್ವಾಮಿ ತಿಬೇರಿಯ ಸರೋವರದ ದಡದಲ್ಲಿ ಇದ್ದಿಲ ಕೆಂಡ ಹಾಕಿ, ಮೀನು ರೊಟ್ಟಿ ಸಿದ್ಧಪಡಿಸಿ, ದಣಿದು ಬಂದ ಶಿಷ್ಯರನ್ನು ಊಟಕ್ಕೆ ಕರೆಯಲಿಲ್ಲವೇ (ಯೊವಾನ್ನ 21: 9-13)?

ಯಾವುದು ಕೃತಜ್ಞತೆಯಲ್ಲ

ಒಂದು ಎಚ್ಚರಿಕೆ ಅಗತ್ಯ. ಕೃತಜ್ಞತೆಯ ಹೆಸರಿನಲ್ಲಿ ಯಾರ ಬಾಯನ್ನೂ ಮುಚ್ಚಿಸಬಾರದು. "ನಿನಗೇನು ಕಡಿಮೆಯಾಗಿದೆ? ದೇವರಿಗೆ ಸ್ತೋತ್ರ ಹೇಳಿಕೊಂಡು ಕೆಲಸ ಮಾಡು" ಎಂಬ ಮಾತು ಬೋಧನೆಯಲ್ಲ, ದಬ್ಬಾಳಿಕೆ. ಬೆನ್ನು ನೋಯುತ್ತಿದ್ದರೆ ಹೇಳಿಕೊಳ್ಳಬೇಕು. ಕೆಲಸ ಹೆಚ್ಚಾಗಿದ್ದರೆ ಹಂಚಿಕೊಳ್ಳಿ ಎಂದು ಕೇಳಬೇಕು. ಶಾಂತ ಮನಸ್ಸಿನಿಂದ ಕೇಳಿದ ಮಾತಿಗೆ ಬೆಲೆ ಹೆಚ್ಚು ಎಂಬುದಷ್ಟೇ ನಮ್ಮ ಪಾಠ. ಮಾರ್ತ ದೂರಿದಾಗ ಸ್ವಾಮಿ ಅವಳನ್ನು ತಳ್ಳಿಹಾಕಲಿಲ್ಲ. ಪ್ರೀತಿಯಿಂದ ಹೆಸರು ಹಿಡಿದು ಕರೆದರು.

ಹಬ್ಬದ ದಿನ ಕುಡಿದು ಬಂದು ಕೈಮಾಡುವವರಿರುವ ಮನೆಗಳೂ ಇವೆ. ಅದನ್ನು ಸಹಿಸಿಕೊಂಡು ಸ್ತುತಿ ಹೇಳಬೇಕೆಂದು ಧರ್ಮಸಭೆ ಕಲಿಸುವುದಿಲ್ಲ. ಅಂತಹ ಸಹೋದರಿಯರು ನಂಬಿಕೆಯ ಬಂಧುಗಳಿಗೆ, ಧರ್ಮಕೇಂದ್ರದ ಗುರುಗಳಿಗೆ ಅಥವಾ ಕನ್ಯಾಸ್ತ್ರೀಯರಿಗೆ ತಿಳಿಸಬೇಕು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡುವುದರಲ್ಲೂ ನಾಚಿಕೆಪಡುವಂತಹುದು ಏನೂ ಇಲ್ಲ.

ಖಾಲಿಯಾದ ಜಾಗ

ಕೆಲವು ಮನೆಗಳಿಗೆ ಈ ಕ್ರಿಸ್ಮಸ್ ಭಾರವಾಗಿ ಬರುತ್ತದೆ. ಕಳೆದ ವರ್ಷ ಕರ್ಜಿಕಾಯಿಯ ಅಂಚು ಮಡಚುತ್ತ ಕುಳಿತಿದ್ದ ಕೈ ಈ ವರ್ಷ ಇಲ್ಲ. ಮಗಳು ಪರದೇಶದಲ್ಲಿದ್ದಾಳೆ. ಬೆಳೆ ಕೈಕೊಟ್ಟಿದೆ, ಸಾಲ ತಲೆಯ ಮೇಲಿದೆ. ಇಂಥವರಿಗೆ ಕೃತಜ್ಞತೆಯ ಪಾಠ ಹೇಳುವುದು ಹೇಗೆ?

ಸಂತ ಪೌಲರು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ (5: 18) ಎಲ್ಲ ಸಂದರ್ಭಗಳಲ್ಲೂ ವಂದನೆ ಸಲ್ಲಿಸಿರಿ ಎಂದು ಕಲಿಸುತ್ತಾರೆ. ಎಲ್ಲ ಸಂದರ್ಭಗಳಲ್ಲೂ, ಪ್ರತಿಯೊಂದು ದುಃಖಕ್ಕಾಗಿಯೂ ಅಲ್ಲ. ಸಾವಿಗಾಗಿ ಯಾರೂ ವಂದನೆ ಹೇಳಬೇಕಾಗಿಲ್ಲ. ಲಾಜರನ ಸಮಾಧಿಯ ಮುಂದೆ ಯೇಸುಸ್ವಾಮಿಯೇ ಅತ್ತರು. ಆದರೆ ಆ ಕಣ್ಣೀರಿನ ನಡುವೆಯೇ ತಂದೆಗೆ ವಂದನೆ ಸಲ್ಲಿಸಿದರು (ಯೊವಾನ್ನ 11: 35, 41). ಅಳುವೂ ವಂದನೆಯೂ ಒಂದೇ ಎದೆಯಲ್ಲಿ ಇರಬಹುದು. ಹೋದವರ ನೆಚ್ಚಿನ ತಿಂಡಿಯನ್ನು ಒಂದಿಷ್ಟು ಮಾಡಿ, ಅವರ ಹೆಸರು ಹೇಳಿ, ಹಬ್ಬವಿಲ್ಲದ ಒಂದು ಮನೆಗೆ ಕೊಟ್ಟು ಬನ್ನಿ. ಬಿಳಿ ಬಟ್ಟೆ ಮುಚ್ಚಿ ಹಿಂದೂ, ಮುಸಲ್ಮಾನ ನೆರೆಯವರಿಗೆ ಕಳುಹಿಸುವ ಕ್ರಿಸ್ಮಸ್ ತಟ್ಟೆ ನಮ್ಮಲ್ಲಿ ಹಳೆಯ ಪದ್ಧತಿ. ಆ ತಟ್ಟೆಯ ಜೊತೆಗೆ ಇನ್ನೊಂದು ತಟ್ಟೆ, ಸಾವಾದ ಮನೆಗೆ, ರೋಗಿಯಿರುವ ಮನೆಗೆ, ಒಂಟಿಯಾಗಿರುವ ವೃದ್ಧರ ಮನೆಗೆ ಹೋಗಲಿ.

ಮನೆಮಂದಿ ಕೂಡಿ ಮಾತಾಡಲು

1. ನಮ್ಮ ಮನೆಯಲ್ಲಿ ಹಬ್ಬದ ಯಾವ ಹೊತ್ತಿನಲ್ಲಿ ಹೆಚ್ಚು ಸಿಡಿಮಿಡಿ ಉಂಟಾಗುತ್ತದೆ? ಕಾರಣ ಏನು?
2. ಆ ಹೊತ್ತಿನಲ್ಲಿ ನಾನು ವಹಿಸಿಕೊಳ್ಳಬಹುದಾದ ಒಂದು ಕೆಲಸ ಯಾವುದು? (ಮಕ್ಕಳಿಂದ ಹಿಡಿದು ಅಜ್ಜನವರೆಗೆ ಪ್ರತಿಯೊಬ್ಬರೂ ಒಂದನ್ನು ಹೇಳಲಿ.)
3. ಈ ವರ್ಷ ಯಾವ ತಿಂಡಿಯನ್ನು ಕೈಬಿಟ್ಟರೆ ಅಮ್ಮನಿಗೆ ಗೋದಲಿಯ ಮುಂದೆ ಕುಳಿತುಕೊಳ್ಳಲು ಹೊತ್ತು ಸಿಗುತ್ತದೆ?
4. ಕಳೆದ ಕ್ರಿಸ್ಮಸ್‌ನಿಂದ ಈ ಕ್ರಿಸ್ಮಸ್‌ವರೆಗೆ ನಮ್ಮ ಮನೆಗೆ ದೇವರು ಕೊಟ್ಟ ಮೂರು ವರಗಳು ಯಾವುವು?

ಈ ವಾರದ ನಿರ್ಧಾರ: ಪ್ರತಿದಿನ ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಪ್ರತಿಯೊಬ್ಬರೂ ಅಂದು ತಮಗೆ ಉಪಕಾರ ಮಾಡಿದ ಮನೆಯ ಒಬ್ಬರ ಹೆಸರನ್ನು ಹೇಳಿ ದೇವರಿಗೆ ವಂದನೆ ಸಲ್ಲಿಸುವುದು.

ಅಡುಗೆಮನೆಯ ಪ್ರಾರ್ಥನೆ

ಬೆಥಾನಿಯದ ಮನೆಗೆ ಬಂದ ಪ್ರಭುವೇ, ನಮ್ಮ ಮನೆಗೂ ಬನ್ನಿರಿ. ಈ ಬೆಂಕಿಗಾಗಿ, ನೀರಿಗಾಗಿ, ಧಾನ್ಯಕ್ಕಾಗಿ, ಅದನ್ನು ಬೆಳೆದ ಕೈಗಳಿಗಾಗಿ ನಿಮಗೆ ವಂದನೆ. ಈ ಊಟಕ್ಕೆ ಕುಳಿತುಕೊಳ್ಳುವ ಒಬ್ಬೊಬ್ಬರಿಗಾಗಿಯೂ ವಂದನೆ. ಇಂದು ನಮ್ಮೊಡನಿಲ್ಲದವರನ್ನು ನಿಮ್ಮ ಪಂಕ್ತಿಯಲ್ಲಿ ಕೂರಿಸಿಕೊಳ್ಳಿರಿ. ಕೆಲಸ ಹೆಚ್ಚಾದಾಗ ನೆರವನ್ನು ಕೇಳುವ ಧೈರ್ಯವನ್ನೂ, ಕೇಳುವ ಮೊದಲೇ ನೆರವಾಗುವ ಮನಸ್ಸನ್ನೂ ನಮಗೆ ಕೊಡಿರಿ. ಮಾರ್ತಳ ಕೈಗಳಿಂದ ದುಡಿಯುವ ನಮಗೆ ಮರಿಯಳ ಕಿವಿಗಳನ್ನೂ ಅನುಗ್ರಹಿಸಿರಿ. ಆಮೆನ್.